ಈ ಸಂದಿ ಯಾರದು

ನಮ್ಮೂರಿನ ದರ್ಜಿಗಳು ರವಿಕೆ ಯಾವತ್ತು ಕೊಡುತ್ತೇವೆಂದು ಹೇಳುವುದಿಲ್ಲ. "ಹಬ್ಬದೊಳಗೆ ಆದ್ರೂ ಆಗ್ಬಹುದು ತಾಯಿ, ಆಗ್ದೇನೂ ಇರಬಹುದು" ಎಂದು ಅಳತೆ ಬರೆದುಕೊಳ್ಳುತ್ತಾರೆ. ಹಾಲಿನವನು ನಾಳೆ ಬರುತ್ತೇನೆ ಎನ್ನುವುದಿಲ್ಲ, ಬಂದರೆ ಬಂದ. ಮಕ್ಕಳು ಆಟದ ಸಾಮಾನು ಕೇಳಿದರೆ ತಾಯಂದಿರು "ನೋಡೋಣ" ಎನ್ನುತ್ತಾರೆ. ನಮ್ಮೂರ ಕೂಸುಗಳು ಅಮ್ಮ ಅನ್ನುವುದಕ್ಕೂ ಮೊದಲು ನೋಡೋಣ ಅನ್ನುವುದನ್ನು ಕಲಿಯುತ್ತವೆ ಎಂದು ಹೊರಗಿನಿಂದ ಬಂದವರು ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಮಾತು ತಪ್ಪಿದರೆ ಏನೂ ಆಗುವುದಿಲ್ಲವಂತೆ. ಇಲ್ಲಿ ನೀವು ಯಾರಿಗೆ ಮಾತು ಕೊಟ್ಟು ತಪ್ಪುತ್ತೀರೋ ಅವರ ಮುಂದಿನ ಎರಡು ಹಲ್ಲುಗಳ ನಡುವೆ ಮಾರನೆಯ ಬೆಳಗ್ಗೆ ಸಂದಿ ಬಿದ್ದಿರುತ್ತದೆ. ಸಣ್ಣ ಮಾತಾದರೆ ಕೂದಲೆಳೆಯಷ್ಟು, ದೊಡ್ಡದಾದರೆ ಅಕ್ಕಿ ಕಾಳಿನಷ್ಟು. ತಪ್ಪಿದವನ ಹಲ್ಲಿಗೆ ಏನೂ ಆಗುವುದಿಲ್ಲ. ಅವನು ಜೋಡಿಸಿಟ್ಟ ಹಾಗಿರುವ ಹಲ್ಲು ಬಿಟ್ಟುಕೊಂಡು ಬೀದಿಯಲ್ಲಿ ತಿರುಗುತ್ತಾನೆ, ನಂಬಿದವರು ಸೆರಗನ್ನು ಬಾಯಿಗೆ ಹಿಡಿದುಕೊಂಡು ನಗಬೇಕು. ಇದನ್ನು ಹೀಗೆ ಮಾಡಿದ ದೇವರು ಯಾರೋ, ಅವನಿಗೆ ಹೆಂಗಸರ ಮೇಲೆ ಏನು ಸಿಟ್ಟಿತ್ತೋ.

ಹೆಂಗಸರ ಮೇಲೆ ಅಂತ ಯಾಕೆ ಹೇಳುತ್ತೇನೆ ಎಂದರೆ, ಹೆಂಡತಿಯ ಹಲ್ಲಿನಲ್ಲಿ ಸಂದಿ ಕಂಡರೆ ಊರು ತಕ್ಷಣ ಗಂಡನ ಮುಖ ನೋಡುತ್ತದೆ. ಬೇರೆ ಯಾರದ್ದಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ಅದಕ್ಕೇ ನಮ್ಮಲ್ಲಿ ಜ್ವರ ನೋಡುವ ಡಾಕ್ಟರು ಒಬ್ಬರೇ ಇದ್ದರೂ ಹಲ್ಲಿನ ಡಾಕ್ಟರು ಐದು ಜನ ಇದ್ದಾರೆ. ಐವರಿಗೂ ಬಿಡುವಿಲ್ಲ. ಸಂಜೆ ಹೊತ್ತು ಗಂಡಂದಿರು ಹೆಂಡತಿಯರನ್ನು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡದೆ.

ನನ್ನ ಹೆಸರು ಸರ್ವಮಂಗಳ. ನನ್ನ ಹಲ್ಲಿನ ಸಂದಿಯಲ್ಲಿ ಅಕ್ಕಿ ಕಾಳು ಅಡ್ಡಡ್ಡಲಾಗಿ ಹೋಗುತ್ತಿತ್ತು. ನಮ್ಮ ಯಜಮಾನರು ಶಿವನಂಜಪ್ಪ, ಹಿಟ್ಟಿನ ಗಿರಣಿ ನಡೆಸುತ್ತಾರೆ. ನನ್ನ ಹಲ್ಲು ಬಿಟ್ಟುಕೊಳ್ಳುವವರೆಗೆ ಜನ ರಾಗಿ ಡಬ್ಬ ಇಟ್ಟು ಸಂತೆಗೆ ಹೋಗಿ, ಬರುವಾಗ ಹಿಟ್ಟು ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಅದೇ ಜನ ಡಬ್ಬದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರತೊಡಗಿದರು, ತಮ್ಮ ರಾಗಿ ತಮ್ಮ ಕಣ್ಣೆದುರೇ ಹಿಟ್ಟಾಗಿ ಬೀಳುವವರೆಗೆ. ಹೆಂಡತಿಗೇ ಮಾತು ತಪ್ಪಿದವನು ನಮ್ಮ ರಾಗಿಗೆ ಇನ್ನೊಬ್ಬರ ನುಸಿ ರಾಗಿ ಬೆರೆಸುವುದಿಲ್ಲ ಎಂದು ಏನು ಖಾತ್ರಿ? ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಇವರೂ ಕೇಳಲಿಲ್ಲ. ಕೂತವರಿಗೆ ಗೋಣಿಚೀಲ ಹಾಸಿಕೊಟ್ಟರು.

ಇವರ ಹಲ್ಲು ಮಾತ್ರ ನೂಲು ತೂರದಷ್ಟು ಕೂಡಿದ್ದವು. ಇವರು ನಗುವುದೂ ಹಾಗೆ, ದವಡೆ ಹಲ್ಲಿನವರೆಗೂ ಕಾಣುವಂತೆ. ಅದನ್ನು ನೋಡಿದಾಗಲೆಲ್ಲ ಅಕ್ಕಪಕ್ಕದವರು ನನ್ನ ಕಡೆ ತಿರುಗಿ ಲೊಚಗುಟ್ಟುತ್ತಿದ್ದರು. ಎಂಥ ಹೆಂಗಸು, ಗಂಡನಿಗೆ ಕೊಟ್ಟ ಮಾತು ಒಂದನ್ನೂ ತಪ್ಪಿಲ್ಲ, ಅವನು ನೋಡಿದರೆ ಹೀಗೆ. ಆ ಲೊಚಗುಟ್ಟುವಿಕೆಯನ್ನು ನಾನು ಆರು ವರ್ಷ ಕೇಳಿಸಿಕೊಂಡೆ. ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಯಾಕೆಂದರೆ ನನ್ನ ಸಂದಿ ಇವರದಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇವರು ನನಗೆ ಕೊಟ್ಟ ಮಾತು ನಾಲ್ಕೋ ಐದೋ. ಅಷ್ಟನ್ನೂ ಉಳಿಸಿಕೊಂಡಿದ್ದಾರೆ. ನನ್ನ ಸಂದಿ ನನ್ನ ಮಗ ನಿರಂಜನನದು.

ಅವನನ್ನು ನೋಡಿದರೆ ನಿಮಗೂ ಇಷ್ಟವಾಗುತ್ತಾನೆ. ಊರಿಗೆ ಊರೇ ನೋಡೋಣ, ಆಗಬಹುದು, ಇರಬಹುದು ಎಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡು ಅಗಿಯುವಾಗ ಇವನೊಬ್ಬ "ಬರ್ತೀನಿ", "ತರ್ತೀನಿ", "ನಾನಿದ್ದೀನಲ್ಲ" ಎನ್ನುತ್ತಾನೆ. ಅಂಥ ಮಾತು ಕೇಳಿ ಅಭ್ಯಾಸವಿಲ್ಲದ ಜನ ಕರಗಿ ಹೋಗುತ್ತಾರೆ. ಬೇರೆಯವರಿಗೆ ಕೊಟ್ಟ ಮಾತನ್ನು ಅವನು ಹೇಗೋ ತಿಣುಕಾಡಿ ನಡೆಸುತ್ತಾನೆ ಕೂಡ, ಅವರ ಹಲ್ಲು ಬೀದಿಯಲ್ಲಿ ಕಾಣುತ್ತದಲ್ಲ. ಮನೆಯೊಳಗೆ ಕೂತಿರುವವಳ ಹಲ್ಲು ಯಾರು ನೋಡುತ್ತಾರೆ? ಹೈಸ್ಕೂಲಿನಲ್ಲಿದ್ದಾಗಲೇ ಎರಡು ಸಲ ಕೂದಲೆಳೆಯಷ್ಟು ಸರಿದಿತ್ತು. ನಾನು ಸೆರಗು ಹಿಡಿದು ಸಂಭಾಳಿಸಿದ್ದೆ.

ದೊಡ್ಡದು ಬಿದ್ದದ್ದು ನನ್ನ ಅಕ್ಕ ಹಾಸಿಗೆ ಹಿಡಿದಾಗ. ಅವಳ ಊರು ಹೊಳೆಯಾಚೆ, ದಿನಕ್ಕೆ ಒಂದೇ ಬಸ್ಸು, ಅದೂ ಆ ವಾರ ಕೆಟ್ಟು ನಿಂತಿತ್ತು. ಇವರಿಗೆ ಹಿಟ್ಟಿನ ಧೂಳಿನಿಂದ ಎದೆ ಕಟ್ಟಿ ಏಳಲು ಆಗುತ್ತಿರಲಿಲ್ಲ. ನಿರಂಜನ ನನ್ನ ಕೈ ಹಿಡಿದುಕೊಂಡು, "ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಬೈಕಲ್ಲಿ ಕರ್ಕೊಂಡು ಹೋಗ್ತೀನಮ್ಮ, ನನ್ನಾಣೆಗೂ. ದೊಡ್ಡಮ್ಮನ ಮುಖ ನೋಡಿಸ್ಕೊಂಡೇ ಬರ್ತೀನಿ" ಎಂದ. ಭಾನುವಾರ ನಾನು ಸೀರೆ ಉಟ್ಟು, ಅವಳಿಗೆ ಇಷ್ಟವೆಂದು ರವೆ ಗಂಜಿಯನ್ನು ಫ್ಲಾಸ್ಕಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತೆ. ಏಳಾಯಿತು, ಒಂಬತ್ತಾಯಿತು, ಊಟದ ಹೊತ್ತಾಯಿತು. ಅವನು ಸ್ನೇಹಿತರ ಜೊತೆ ಪಕ್ಕದ ಊರಿಗೆ ಕ್ರಿಕೆಟ್ ಆಡಲು ಹೋಗಿದ್ದ. ಮರೆತೇ ಹೋಯಿತಂತೆ. ಸೋಮವಾರ ಬೆಳಗ್ಗೆ ಹಲ್ಲು ಉಜ್ಜುವಾಗ ನಾಲಿಗೆಗೆ ಖಾಲಿ ಜಾಗ ಸಿಕ್ಕಿತು. ಬೆರಳಿಟ್ಟು ನೋಡಿಕೊಳ್ಳುತ್ತಾ ನಿಂತಿದ್ದಾಗಲೇ ಅಕ್ಕ ಹೋದಳೆಂದು ಫೋನು ಬಂತು. ಹಲ್ಲಿಗೆ ಅತ್ತೆನೋ ಅಕ್ಕನಿಗೆ ಅತ್ತೆನೋ ನನಗೇ ತಿಳಿಯಲಿಲ್ಲ.

ನಮ್ಮೂರಿನಲ್ಲಿ ಹೆಂಡತಿಗೆ ಮಾತು ತಪ್ಪಿದ ಗಂಡನನ್ನು ಬೈದು ಸುಮ್ಮನಾಗುತ್ತಾರೆ. ಹೆತ್ತವಳ ಹಲ್ಲು ಬಿಡಿಸಿದವನಿಗೆ ಮಾತ್ರ ಯಾರೂ ಹೆಣ್ಣು ಕೊಡುವುದಿಲ್ಲ, ಅಂಗಡಿಯಲ್ಲಿ ಕೆಲಸವನ್ನೂ ಕೊಡುವುದಿಲ್ಲ. ಅಕ್ಕನ ತಿಥಿ ಮುಗಿಸಿ ಬಂದ ದಿನ ಇವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಊರು ಹೇಗಿದ್ರೂ ನನ್ನದು ಅಂದ್ಕೊಳ್ಳುತ್ತೆ. ಅಂದ್ಕೊಳ್ಳಲಿ. ಹುಡುಗನ ಹೆಸರು ಉಳೀಲಿ. ಆದ್ರೆ ಮಂಗಳ, ನೀನಾಗಿ ನಿನ್ನ ಬಾಯಿಂದ ನನ್ನ ಹೆಸರು ಹೇಳ್ಬೇಡ. ಯಾರು ಕೇಳಿದ್ರೂ ಸುಮ್ನೆ ಇದ್ಬಿಡು. ಊರೋರು ಅಂದ್ರೆ ತಡ್ಕೋತೀನಿ, ನೀನು ಅಂದ್ರೆ ಆಗಲ್ಲ."

"ಹೇಳಲ್ಲ ಕಣ್ರೀ," ಎಂದೆ.

"ಮಾತು?"

"ಮಾತು."

ಆರು ವರ್ಷ ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಲಭ, ಎದುರಿನವರೇ ಉತ್ತರ ತುಂಬಿಕೊಳ್ಳುತ್ತಾರೆ.

ವಾರಿಜ ಎಂಬ ಹುಡುಗಿ ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದಳು. ನಿರಂಜನ ಅವಳನ್ನು ಇಷ್ಟಪಟ್ಟು ಎರಡು ವರ್ಷದಿಂದ ಭೇಟಿಯಾಗುತ್ತಿದ್ದ. "ಐದು ಗಂಟೆಗೆ ಬರ್ತೀನಿ" ಎಂದು ಹೇಳಿ ಐದಕ್ಕೇ ಬಂದ ಮೊದಲ ಗಂಡಸು ಅವನೇ ಎಂದು ಅವಳು ತನ್ನ ಮನೆಯಲ್ಲಿ ಹೇಳಿದ್ದಳಂತೆ. ಅವಳ ಕಡೆಯವರು ಗುರುವಾರ ನಮ್ಮ ಮನೆ ನೋಡಲು ಬರುವುದೆಂದು ಆಯಿತು. ನಮ್ಮಲ್ಲಿ ಅವರು ಮನೆ ನೋಡುವುದಿಲ್ಲ, ಹುಡುಗನ ತಾಯಿಯ ಹಲ್ಲು ನೋಡುತ್ತಾರೆ. ಹೆಣ್ಣಿನ ಕಡೆಯ ಹಿರಿಯಳು ಕಬ್ಬಿನ ತುಂಡು ತಂದಿರುತ್ತಾಳೆ, ಹುಡುಗನ ತಾಯಿ ಎಲ್ಲರೆದುರು ಅದನ್ನು ಕಚ್ಚಿ ಸಿಗಿಯಬೇಕು. ಅಪ್ಪ ಹೇಗೋ ಮಗನೂ ಹಾಗೇ ಎಂಬ ಹೆದರಿಕೆ ಅವರಿಗೆ. ನಿರಂಜನ ಬುಧವಾರ ನನ್ನನ್ನು ಕಾತ್ಯಾಯಿನಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮರೆಯದೆ, ಹೇಳಿದ ಹೊತ್ತಿಗೆ ಸರಿಯಾಗಿ.

ಡಾಕ್ಟರ ಕೋಣೆ ಬಳೆ ಅಂಗಡಿಯ ಮೇಲಿದೆ. ಬೇರೆ ಊರಲ್ಲಿ ಉಗುಳಬೇಡಿ ಎಂದು ಬರೆದಿರುವ ಜಾಗದಲ್ಲಿ ಇಲ್ಲಿ "ಒಳಗೆ ಯಾರೂ ಮಾತು ಕೊಡಬೇಡಿ" ಎಂಬ ಬೋರ್ಡಿದೆ. ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಒರಗಿಸಿ ಮೊದಲು ಕೇಳಿದ್ದು, "ಯಾರಾದ್ರೂ ನಿಮಗೆ ಕೊಟ್ಟಿರೋ ಮಾತು ಇನ್ನೂ ಬಾಕಿ ಇದೆಯೇನಮ್ಮ? ಇದ್ರೆ ಈಗ್ಲೇ ಹೇಳಿ. ನಾನು ಕಷ್ಟಪಟ್ಟು ಮಾಡಿದ್ದು ನಾಳೆ ಕಿತ್ಕೊಂಡು ಬರಬಾರದು."

"ಅಮ್ಮಂಗೆ ಯಾರು ಮಾತು ಕೊಡ್ತಾರೆ ಡಾಕ್ಟ್ರೇ," ಎಂದು ನಿರಂಜನ ನಕ್ಕ.

ಅವರು ಅವನ ಕಡೆ ನೋಡಲೇ ಇಲ್ಲ. ನನ್ನ ಮೇಲ್ದುಟಿ ಎತ್ತಿ ಒಳಗೆ ದೀಪ ಬಿಟ್ಟರು. "ಹುಟ್ಟು ಸಂದಿ ಆಗಿದ್ರೆ ಇಲ್ಲಿ ತುಟಿಯಿಂದ ಒಸಡಿಗೆ ಬರೋ ಪಟ್ಟಿ ದಪ್ಪ ಇರ್ತಿತ್ತು. ಅದನ್ನ ಸ್ವಲ್ಪ ಕತ್ತರಿಸಿ, ಹುಟ್ಟು ಸಂದಿ ಅಂತ ಚೀಟಿ ಬರ್ಕೊಡ್ತಿದ್ದೆ. ನಿಮ್ಮದು ಹುಟ್ಟಿದ್ದಲ್ಲ."

"ಚೀಟಿ ಒಂದು ಬರ್ಕೊಟ್ಬಿಡಿ ಡಾಕ್ಟ್ರೇ, ಏನಾಗುತ್ತೆ," ಎಂದ ನಿರಂಜನ.

"ಆಚೆ ಕೂತ್ಕೊಳ್ಳಪ್ಪ," ಎಂದರು. ಅವನು ಕದಲಲಿಲ್ಲ. ಅವರು ನನಗೇ ಹೇಳತೊಡಗಿದರು. "ತಂತಿ ಹಾಕಿಸ್ಕೊಂಡ್ರೆ ಒಂದೂವರೆ ವರ್ಷ ಆಗುತ್ತೆ. ತಿಂಗಳಿಗೊಂದ್ಸಲ ಬಂದು ಬಿಗಿ ಮಾಡಿಸ್ಕೋಬೇಕು, ನೋವಿರುತ್ತೆ. ಆದ್ರೆ ನಿಮ್ಮ ಹಲ್ಲೇ ನಿಧಾನಕ್ಕೆ ಒಂದಕ್ಕೊಂದು ಹತ್ರ ಬರುತ್ತೆ. ಆಮೇಲೂ ಹಿಂದ್ಗಡೆ ಒಂದು ಸಣ್ಣ ತಂತಿ ಹಾಗೇ ಇರ್ಬೇಕು, ತೆಗೆದ್ರೆ ಮತ್ತೆ ಬಿಟ್ಕೊಳ್ಳುತ್ತೆ. ಕ್ಯಾಪ್ ಬೇಗ ಆಗುತ್ತೆ, ಆದ್ರೆ ಚೆನ್ನಾಗಿರೋ ಹಲ್ಲನ್ನೇ ಸುತ್ತ ಉಜ್ಜಿ ಸಣ್ಣ ಮಾಡ್ಬೇಕು. ಉಜ್ಜಿದ್ದು ವಾಪಸ್ ಬರಲ್ಲ. ತೆಳ್ಳಗೆ ಬಿಲ್ಲೆ ಥರ ಮುಂದಕ್ಕೆ ಅಂಟಿಸೋದೂ ಉಂಟು, ಅದಕ್ಕೂ ಒಂಚೂರು ಉಜ್ಜಬೇಕು, ಮಾಡಿ ಬರೋಕೆ ವಾರ ಹಿಡಿಯುತ್ತೆ. ಇಲ್ಲಾಂದ್ರೆ ಪೇಸ್ಟು. ಹಲ್ಲಿನ ಬಣ್ಣದ್ದೇ ಇರುತ್ತೆ, ಎರಡೂ ಹಲ್ಲಿನ ಅಂಚಿಗೆ ಮೆತ್ತಿ ನೀಲಿ ದೀಪ ಹಿಡಿದ್ರೆ ಕಲ್ಲಾಗುತ್ತೆ. ಒಂದು ಗಂಟೆ ಕೆಲಸ. ಕಾಫಿ ಕಲೆ ಹಿಡಿಯುತ್ತೆ, ಗಟ್ಟಿದ್ದು ಕಚ್ಚಿದ್ರೆ ಚೂರು ಬರುತ್ತೆ. ಹಲ್ಲು ಇದ್ದ ಕಡೇನೇ ಇರುತ್ತೆ, ಮಧ್ಯದ ಜಾಗ ಮುಚ್ಚುತ್ತೆ ಅಷ್ಟೇ."

ನನಗೆ ತಂತಿ ಬೇಕೆನಿಸಿತು. ಐವತ್ತೆರಡನೆಯ ವಯಸ್ಸಿನಲ್ಲಿ ತಂತಿ ಹಾಕಿಕೊಂಡು ಕೂತವಳನ್ನು ನೋಡಿ ನಗುವವರು ನಗಲಿ, ನನ್ನ ಹಲ್ಲೇ ಮತ್ತೆ ಕೂಡಿದರೆ ಸಾಕಿತ್ತು. ಹಾಗೆಂದು ಬಾಯಿ ತೆರೆಯುವಷ್ಟರಲ್ಲಿ ನಿರಂಜನ, "ಅಮ್ಮ, ನಾಳೆಗೆ ಪೇಸ್ಟ್ ಹಾಕಿಸ್ಕೋ. ಮದುವೆ ಮುಗೀಲಿ, ನಾನೇ ನಿಂಗೆ ತಂತಿ ಹಾಕಿಸ್ಕೊಡ್—"

"ಏಯ್!" ಎಂದು ಡಾಕ್ಟರು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಗೆ ಬಡಿದರು. "ಬೋರ್ಡ್ ಕಾಣಲ್ವೇನಪ್ಪ ನಿಂಗೆ?"

ಅವನು ಬಾಯಿ ಮುಚ್ಚಿಕೊಂಡ. ಡಾಕ್ಟರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಸಂದಿ ಯಾರದೆಂದು ಅವರಿಗೆ ಗೊತ್ತಾಯಿತು. ಆಮೇಲೆ ಪೇಸ್ಟು ಮೆತ್ತಿದರು, ನೀಲಿ ದೀಪ ಹಿಡಿದರು, ಕಬ್ಬನ್ನು ಮುಂದಿನ ಹಲ್ಲಿನಲ್ಲಿ ಕಚ್ಚಬೇಡಿ, ಕೋರೆ ಹಲ್ಲಿಗೆ ಕೊಡಿ ಎಂದು ಕಿವಿಯಲ್ಲಿ ಹೇಳಿ ಕಳಿಸಿದರು. ಮನೆಗೆ ಬಂದು ಇವರಿಗೆ ತೋರಿಸಿದೆ. "ಮದುವೆ ದಿನ ಇದ್ದ ಹಾಗೇ ಆಯ್ತಲ್ಲೇ," ಎಂದು ಎಲ್ಲ ಹಲ್ಲೂ ಬಿಟ್ಟು ನಕ್ಕರು. ನನಗೆ ಆ ನಗು ಬೇಡವಾಗಿತ್ತು.

ಗುರುವಾರ ವಾರಿಜಳ ಅಜ್ಜಿ ಪುಟ್ಟಗೌರಮ್ಮನವರು, ಅವಳ ತಂದೆ ತಾಯಿ, ಅವಳು ಬಂದರು. ಅಜ್ಜಿ ಚೀಲದಿಂದ ತೆಗೆದ ಕಬ್ಬು ನನ್ನ ಮಣಿಕಟ್ಟಿನಷ್ಟು ದಪ್ಪವಿತ್ತು. ಬೇಕೆಂದೇ ಗಿಣ್ಣು ಇರುವ ತುಂಡನ್ನು ಆರಿಸಿದ್ದರು, ಘಾಟಿ ಮುದುಕಿ. ನಾನು ತಲೆ ಸ್ವಲ್ಪ ವಾಲಿಸಿ ಕೋರೆ ಹಲ್ಲಿಗೆ ಕೊಟ್ಟು ಸಿಗಿದೆ. ಸಿಪ್ಪೆ ಉದ್ದಕ್ಕೆ ಬಂತು. ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಆಯ್ತು ಬಿಡವ್ವ, ಜನ ಏನೇನೋ ಅಂತಿದ್ರು," ಎಂದರು. ನಿರಂಜನ ಗೋಡೆಗೆ ಒರಗಿ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಇವರು ಗಿರಣಿಯಿಂದ ಬಂದವರು ಮೈಮೇಲಿನ ಹಿಟ್ಟು ಒರೆಸಿಕೊಂಡು ಎಲ್ಲರಿಗೂ ಬಾಳೆಹಣ್ಣು ಹಂಚಿದರು.

ಕಾಫಿ ಆದ ಮೇಲೆ ಲೋಟಗಳನ್ನು ತೆಗೆದುಕೊಂಡು ವಾರಿಜ ನನ್ನ ಹಿಂದೆ ಅಡುಗೆಮನೆಗೆ ಬಂದಳು. ಲೋಟಗಳನ್ನು ಬಚ್ಚಲ ಕಲ್ಲಿನ ಮೇಲೆ ಇಟ್ಟು, ಮೆಲ್ಲಗೆ, "ಅತ್ತೆ, ಪೇಸ್ಟು ನಿನ್ನೆ ಹಾಕ್ಸಿದ್ದಾ?" ಎಂದಳು.

ನನ್ನ ಕೈ ಸೆರಗಿಗೆ ಹೋಯಿತು.

"ನಮ್ಮಮ್ಮನಿಗೂ ಅದೇ ಪೇಸ್ಟು. ಹೊಸದಾಗಿ ಹಾಕಿದಾಗ ಒಂದೇ ಲೋಟ ಕಾಫಿಗೂ ಅಂಚಲ್ಲಿ ಗೆರೆ ಬರುತ್ತೆ. ಅಜ್ಜಿ ಕಣ್ಣಿಗೆ ಕಾಣಲ್ಲ, ನಾನು ಯಾರ್ಗೂ ಹೇಳಲ್ಲ. ಒಂದೇ ಒಂದು ಕೇಳ್ತೀನಿ ಅತ್ತೆ. ಈ ಸಂದಿ ಯಾರದು?"

ನಾನು ಸುಮ್ಮನೆ ನಿಂತೆ. ಆರು ವರ್ಷದ ಅಭ್ಯಾಸ. ಎದುರಿನವರು ಉತ್ತರ ತುಂಬಿಕೊಳ್ಳಲಿ ಎಂದು ಕಾದೆ. ಅವಳು ತುಂಬಿಕೊಳ್ಳಲಿಲ್ಲ.

"ಮಾವನವರದಾದ್ರೆ ನಂಗೇನೂ ಇಲ್ಲ. ನಮ್ಮಪ್ಪನೂ ಹಾಗೇ, ನೋಡಿ ಬೆಳೆದಿದ್ದೀನಿ. ನಾನು ಕಟ್ಕೊಳ್ಳೋದು ಮಾವನವರನ್ನಲ್ಲ. ಆದ್ರೆ ಅವರದಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ನಾನೇ ಏನೋ ಒಂದು ನೆಪ ಹೇಳಿ ಎದ್ದು ಹೋಗ್ತೀನಿ, ನಿಮ್ಮ ಮನೆ ಹೆಸರು ಕೆಡಲ್ಲ."

ಎಷ್ಟು ನೇರವಾಗಿ ಕೇಳಿದಳು. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನನ್ನ ಮೇಲೆ ಅನುಮಾನವಿರಲಿಲ್ಲ, ನಿಜ ಹೇಳುವವಳು ಎಂದೇ ನೋಡುತ್ತಿದ್ದಳು. ಹೊರಗೆ ನಿರಂಜನ ಅಜ್ಜಿಯನ್ನು ನಗಿಸುತ್ತಿದ್ದ. ಅವನಿಗೆ ಇಪ್ಪತ್ತೊಂಬತ್ತು, ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ. ಹೆತ್ತ ಕರುಳು ನನ್ನನ್ನು ಯೋಚಿಸಲು ಬಿಡಲಿಲ್ಲ ಎಂದು ಹೇಳಿಬಿಡಬಹುದು, ಆದರೆ ನಾನು ಯೋಚಿಸಿಯೇ ಹೇಳಿದೆ.

"ಇವರದೇ ಕಣಮ್ಮ," ಎಂದೆ. "ಇನ್ಯಾರದು?"

ಹೇಳಿ ತಲೆ ಎತ್ತಿದರೆ ಬಾಗಿಲಲ್ಲಿ ಇವರು, ಬಾಳೆಹಣ್ಣಿನ ಸಿಪ್ಪೆಯ ತಟ್ಟೆ ಹಿಡಿದುಕೊಂಡು. ವಾರಿಜಳೂ ತಿರುಗಿದಳು. ಇವರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಅವಳ ಕಡೆ ನೋಡಿ, ಯಾವಾಗಿನ ಹಾಗೆ ಎಲ್ಲ ಹಲ್ಲೂ ಕಾಣುವಂತೆ ನಕ್ಕು, "ಹೌದು ತಾಯಿ, ನನ್ನದೇ. ನಿಮ್ಮತ್ತೆ ಒಳ್ಳೆಯೋಳು, ಸಹಿಸ್ಕೊಂಡಿದ್ದಾಳೆ," ಎಂದರು. ತಟ್ಟೆಯನ್ನು ಕೆಳಗಿಟ್ಟು ಹೊರಗೆ ಹೋದರು.

ಮಾರನೆಯ ಬೆಳಗ್ಗೆ ಹಿತ್ತಿಲ ನಲ್ಲಿಯ ಹತ್ತಿರ ಇವರು ಹಲ್ಲುಪುಡಿ ಹಾಕಿ ಉಜ್ಜುತ್ತಿದ್ದವರು ಹಾಗೇ ನಿಂತುಬಿಟ್ಟರು. ಬೆರಳು ಬಾಯಲ್ಲೇ ಇತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏನಾಗಿರುತ್ತದೆಂದು ಗೊತ್ತಿದ್ದೇ ಹಾಸಿಗೆಯಿಂದ ಎದ್ದು ಬಂದಿದ್ದೆ.

"ತೋರಿಸಿ," ಎಂದೆ.

ಇವರು ಬಾಯಿ ಮುಕ್ಕಳಿಸಿ ಉಗಿದು ಟವೆಲ್ಲನ್ನು ಮೂಗಿನ ಕೆಳಗೆ ಸುತ್ತಿಕೊಂಡರು. "ಹೋಗ್ಲಿ ಬಿಡು," ಎಂದರು.

"ಡಾಕ್ಟ್ರ ಹತ್ರ ಹೋಗೋಣ, ಪೇಸ್ಟು ಹಾಕಿಸ್ಕೊಂಡ್ರೆ ಒಂದು ಗಂಟೆ—"

"ನಂಗೆ ಬೇಡ."

ಅಷ್ಟೇ. ಗಿರಣಿಯವನು ಹಿಟ್ಟಿನ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಯಾರಿಗೂ ಏನೂ ಅನಿಸುವುದಿಲ್ಲ. ಮದುವೆಯವರೆಗಿನ ಐದು ವಾರ ಇವರು ಹಾಗೇ ಇದ್ದರು. ಮನೆಯಲ್ಲಿ ನನಗೆ ಬೆನ್ನು ಮಾಡಿ ಉಂಡರು. ಬೈದಿದ್ದರೆ, ಲೋಟ ಎಸೆದಿದ್ದರೆ, ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ ಮನುಷ್ಯ. ನನಗೆ ಇವರ ಮೇಲೆ ಸಿಟ್ಟು ಬಂತು. ಹೌದು, ತಪ್ಪು ನನ್ನದು, ಸಿಟ್ಟು ಬಂದದ್ದು ಇವರ ಮೇಲೆ.

ಛತ್ರದಲ್ಲಿ ಟವೆಲ್ ಕಟ್ಟಿಕೊಳ್ಳಲಾಗುವುದಿಲ್ಲ. ಇವರು ತುಟಿ ಬಿಗಿದುಕೊಂಡು ಓಡಾಡಿದರು, ಬೀಗರು ಏನು ಕೇಳಿದರೂ ತಲೆ ಆಡಿಸಿದರು. ಮಗನ ಮದುವೆ, ಗಂಟಲು ಕಟ್ಟಿದೆ ಎಂದುಕೊಂಡರು ಜನ. ತಾಳಿ ಕಟ್ಟಿದ್ದಾಯಿತು. ಮದುಮಕ್ಕಳು ಹಿರಿಯರ ಕಾಲಿಗೆ ಬೀಳುತ್ತಾ ನಮ್ಮ ಹತ್ತಿರ ಬಂದರು. ನಿರಂಜನ ಬಗ್ಗಿ ಎದ್ದ. ವಾರಿಜ ಬಗ್ಗಿದಳು. ಇವರು ತಲೆಯ ಮೇಲೆ ಕೈ ಇಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಅವಳು ಎದ್ದು ನಿಂತು ಮುಖ ನೋಡಿದಾಗ, "ಚೆನ್ನಾಗಿ ಬಾಳಮ್ಮ," ಎಂದರು. ಬಾಯಿ ಪೂರ್ತಿ ತೆರೆದು ಹೇಳಿದರು. ಬೇಕೆಂದೇ ಹೇಳಿದರೋ, ಮಗುವನ್ನು ಹರಸದೆ ಇರಲಾಗದೆ ಹೇಳಿದರೋ, ಇವತ್ತಿಗೂ ನಾನು ಕೇಳಿಲ್ಲ.

ನಡುವೆ ಒಂದು ಬೆರಳು ಹಿಡಿಸುವಷ್ಟು ಸಂದಿ ಇತ್ತು. ನಮ್ಮೂರಲ್ಲಿ ಅಷ್ಟು ದೊಡ್ಡದನ್ನು ನಾನು ನೋಡಿಲ್ಲ. ವಾರಿಜ ಅದನ್ನೇ ನೋಡುತ್ತಾ ನಿಂತಳು. ಐದು ವಾರದ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅದೇ ಬಾಯಿ ನಕ್ಕಿದ್ದನ್ನು ಅವಳು ಕಂಡಿದ್ದಳು, ಒಂದು ಎಳೆಯೂ ಬಿಡದೆ ಕೂಡಿದ್ದ ಹಲ್ಲು. ಆಮೇಲೆ ಬಿದ್ದದ್ದು ಇದು. ಈ ಮನುಷ್ಯನಿಗೆ ಹೆಂಡತಿ ಏನೋ ದೊಡ್ಡ ಮಾತು ತಪ್ಪಿದ್ದಾಳೆ, ಅದೂ ಆ ದಿನ. ತಪ್ಪಿದ್ದು ಇವರ ಹೆಸರು ಹೇಳುವುದಿಲ್ಲ ಎಂಬ ಮಾತನ್ನೇ ಇರಬೇಕು, ಹಾಗಾದರೆ ಅತ್ತೆ ಅಡುಗೆಮನೆಯಲ್ಲಿ ಹೇಳಿದ್ದು ಸುಳ್ಳು, ಹಾಗಾದರೆ ಅತ್ತೆಯ ಸಂದಿ ಇವರದಲ್ಲ, ಮಗನದು. ಇಷ್ಟು ತಿಳಿಯಲು ನಮ್ಮೂರ ಹುಡುಗಿಗೆ ಎಷ್ಟು ಹೊತ್ತು ಬೇಕು? ಅವಳು ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಅವತ್ತು ಇರ್ಲಿಲ್ಲ," ಎಂದಳು, ನನಗೆ ಮಾತ್ರ ಕೇಳುವಂತೆ.

"ಇರ್ಲಿಲ್ಲ," ಎಂದೆ.

ಅವಳು ಕತ್ತಿನಲ್ಲಿದ್ದ ಹೊಸ ಅರಿಶಿನ ದಾರವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ನಿರಂಜನ ಪಕ್ಕದಲ್ಲಿ ಯಾರಿಗೋ, "ಮುಂದಿನ ವಾರ ಇಬ್ರೂ ನಿಮ್ಮನೆಗೆ ಊಟಕ್ಕೆ ಬಂದೇ ಬರ್ತೀವಿ," ಎನ್ನುತ್ತಿದ್ದ.

ಫೋಟೋದವನು ಸ್ಟೂಲು ತಂದು ಅವಳನ್ನು ಬೆಳಕಿಗೆ ಕೂರಿಸಿದ. ನಮ್ಮೂರಲ್ಲಿ ಮದುವೆಯ ದಿನ ಹೆಣ್ಣಿನ ಹಲ್ಲಿನ ಫೋಟೋ ಒಂದು ಬೇರೆಯೇ ತೆಗೆಯುತ್ತಾರೆ, ತೌರಿನವರು ಅದನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ, ಮುಂದೆ ಹೋಲಿಸಿ ನೋಡಲಿಕ್ಕೆ. "ದೊಡ್ಡದಾಗಿ ತೆಗೀಬೇಕಮ್ಮ ಬಾಯಿ, ತುಟಿ ಅಡ್ಡ ಬರಬಾರದು," ಎಂದ ಅವನು. ಅವಳು ಕ್ಯಾಮೆರಾ ನೋಡಲಿಲ್ಲ. ಜನರ ನಡುವೆ ನಾನೆಲ್ಲಿದ್ದೇನೆಂದು ಹುಡುಕಿ, ನನ್ನನ್ನೇ ನೋಡುತ್ತಾ, ಎರಡು ಬೆರಳಿನಿಂದ ತನ್ನ ಮೇಲ್ದುಟಿಯನ್ನು ಎತ್ತಿ ಹಿಡಿದಳು. ಒಂದಕ್ಕೊಂದು ಒತ್ತಿ ಕೂತ ಎಳೆಯ ಹಲ್ಲುಗಳು. ಅವನು ಫೋಟೋ ತೆಗೆದು ಆಯಿತು ಎಂದ ಮೇಲೂ ಅವಳು ಬೆರಳು ತೆಗೆಯಲಿಲ್ಲ.